ಕಣ್ಣು ಕೋರೈಸುವ ಜೀಪು, ಕಣ್ಣಿಗೆ ಬೀಳದ ಪೇದೆ

ಕಳೆದ ಶ್ರಾವಣದಲ್ಲಿ ಒಂದು ರಾತ್ರಿ ಗದಗಿನಿಂದ ಹುಬ್ಬಳ್ಳಿಗೆ ಬೈಕಿನಲ್ಲಿ ಬರುತ್ತಿದ್ದೆ. ಅಣ್ಣಿಗೇರಿ ದಾಟಿ ಸ್ವಲ್ಪ ದೂರ ಬಂದಿದ್ದೆ. ಜಿಟಿಜಿಟಿ ಮಳೆ, ರಸ್ತೆಯ ಎರಡೂ ಕಡೆ ಎರೆ ಹೊಲದ ದಟ್ಟ ಕತ್ತಲೆ. ಮುಂದೆ ಎಲ್ಲೋ ಕೆಂಪು, ನೀಲಿ ಬೆಳಕು ಪಟಪಟನೆ ಹೊಡೆಯತೊಡಗಿತು. ಪೊಲೀಸ್ ವಾಹನ ಎಂದು ತಿಳಿಯಿತು. ತಿಳಿದದ್ದು ಅಷ್ಟೇ. ಅದು ನಿಂತಿದೆಯೋ ಎದುರಿಗೆ ಬರುತ್ತಿದೆಯೋ, ರಸ್ತೆಯ ಅಂಚಿನಲ್ಲಿದೆಯೋ ನಡುವೆಯೋ, ನೂರು ಮೀಟರ್ ದೂರವೋ ಮುನ್ನೂರೋ, ಒಂದೂ ಅಂದಾಜಿಗೆ ಸಿಗಲಿಲ್ಲ. ಹೆಲ್ಮೆಟ್ಟಿನ ಗಾಜಿಗೆ ಅಂಟಿದ ಒಂದೊಂದು ಹನಿಯಲ್ಲೂ ಒಂದೊಂದು ಪುಟ್ಟ ಜೀಪು ಕುಣಿಯುತ್ತಿತ್ತು. ವೇಗ ಇಳಿಸಿಕೊಂಡು ಬಂದೆ. ಇನ್ನೇನು ಜೀಪನ್ನು ದಾಟಿದೆ ಎನ್ನುವಾಗ ಮುಂದಿನ ಗಾಲಿಯಿಂದ ಎರಡು ಮಾರು ದೂರದಲ್ಲಿ ಒಂದು ಕೈ ಅಲ್ಲಾಡಿತು. ಕೈಯ ಹಿಂದೆ ಒಬ್ಬ ಪೇದೆ ಇದ್ದರು. ಅವರ ಹಿಂದೆ ಮಗುಚಿ ಬಿದ್ದ ಟ್ರ್ಯಾಕ್ಟರ್ ಟ್ರೇಲರ್ ಇತ್ತು.

ಬ್ರೇಕ್ ಹಿಡಿಯಿತು, ಯಾರಿಗೂ ಏನೂ ಆಗಲಿಲ್ಲ. ಆದರೆ ಇಷ್ಟು ಬೆಳಕಿನ ಮಗ್ಗುಲಲ್ಲೇ ನಿಂತಿದ್ದ ಆರಡಿ ಮನುಷ್ಯ ನನ್ನ ಕಣ್ಣಿಗೆ ಏಕೆ ಬೀಳಲಿಲ್ಲ ಎಂಬ ಪ್ರಶ್ನೆ ಮಾತ್ರ ಉಳಿಯಿತು.

ಉತ್ತರವನ್ನು ತೀರಾ ಸರಳವಾಗಿ ಹೇಳಬೇಕೆಂದರೆ, ಅವರು ಕಾಣದಿದ್ದದ್ದು ಆ ಬೆಳಕಿನ ಮಗ್ಗುಲಲ್ಲೇ ನಿಂತಿದ್ದರಿಂದ. ನಮ್ಮ ಕಣ್ಣಿನ ಮಸೂರ ಅಂಗಡಿಯ ಹೊಸ ಗಾಜಿನಷ್ಟು ಸ್ವಚ್ಛವಲ್ಲ. ಅದರೊಳಗೆ ಹೊಕ್ಕ ಪ್ರಖರ ಬೆಳಕಿನ ಒಂದು ಪಾಲು ಚದುರಿ, ಕಣ್ಣಿನ ಹಿಂಬದಿಯಲ್ಲಿ ಬಿಂಬ ಮೂಡುವ ಇಡೀ ಅಕ್ಷಿಪಟದ ಮೇಲೆ ತೆಳ್ಳನೆಯ ಬಿಳಿ ಪರದೆಯಂತೆ ಹರಡಿಕೊಳ್ಳುತ್ತದೆ. ಪರದೆಯ ಹಿಂದಿರುವ ಮಂದ ವಸ್ತುಗಳು ಅದರಲ್ಲೇ ಕರಗಿಹೋಗುತ್ತವೆ. ಹೋಳಿಯಲ್ಲಿ ಹಲಗೆ ಬಾರಿಸುವವನ ಪಕ್ಕ ನಿಂತು ಗುಟ್ಟು ಹೇಳಿದ ಹಾಗೆ. ಈ ಪರದೆಗೊಂದು ಲೆಕ್ಕವಿದೆ: ದೀಪಕ್ಕೂ ನಾವು ನೋಡಬೇಕಾದ ವಸ್ತುವಿಗೂ ನಡುವಿನ ಕೋನ ಎರಡು ಪಟ್ಟಾದರೆ ಪರದೆಯ ದಪ್ಪ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಅಂದರೆ ದೀಪದಿಂದ ದೂರ ನಿಂತವನು ಬಚಾವು, ಅದಕ್ಕೆ ಅಂಟಿಕೊಂಡು ನಿಂತವನು ಮಾಯ. ಜೀಪಿನಿಂದ ಇಳಿದ ಪೇದೆ ನಿಲ್ಲುವುದೇ ಅಲ್ಲಿ. ವಯಸ್ಸಾದಂತೆ ಮಸೂರ ಹಳದಿಯಾಗುತ್ತದೆ, ಬೆಳಕನ್ನು ಇನ್ನಷ್ಟು ಚದುರಿಸುತ್ತದೆ. ಐವತ್ತು ದಾಟಿದ ನನ್ನಂಥವರಿಗೆ ಪರದೆ ಇನ್ನೂ ದಪ್ಪ.

ಹಿಂದೆ ಜೀಪಿನ ನೆತ್ತಿಯ ಮೇಲೆ ಇರುತ್ತಿದ್ದದ್ದು ಒಂದು ಬಲ್ಬು, ಅದರ ಸುತ್ತ ಮೋಟಾರಿನಿಂದ ತಿರುಗುವ ಒಂದು ಕನ್ನಡಿ. ಬೆಳಕು ನಮ್ಮ ಕಡೆ ತಿರುಗುವಾಗ ಮೆಲ್ಲಗೆ ಏರಿ, ದಾಟುವಾಗ ಮೆಲ್ಲಗೆ ಇಳಿಯುತ್ತಿತ್ತು. ಈಗಿನ ಎಲ್‌ಇಡಿ ಕ್ಷಣಾರ್ಧದಲ್ಲಿ ಪೂರ್ತಿ ಉರಿದು ಕ್ಷಣಾರ್ಧದಲ್ಲಿ ಪೂರ್ತಿ ಆರುತ್ತದೆ. ಅಗ್ಗ, ಬಾಳಿಕೆ ಹೆಚ್ಚು, ಕಡಿಮೆ ವಿದ್ಯುತ್ ಸಾಕು. ಆದ್ದರಿಂದಲೇ ಒಂದಿರಬೇಕಾದಲ್ಲಿ ಮೂವತ್ತು ಕೂರಿಸುವ ಚಪಲ. ಮಧ್ಯಾಹ್ನದ ಬಿಸಿಲಿನಲ್ಲಿ ಹುಬ್ಬಳ್ಳಿಯ ಚನ್ನಮ್ಮ ವೃತ್ತದ ಗದ್ದಲದ ನಡುವೆ ಕಾಣಬೇಕೆಂದು ಇಟ್ಟ ಪ್ರಖರತೆಯೇ ಅಮಾವಾಸ್ಯೆಯ ರಾತ್ರಿ ಎರೆ ಹೊಲದ ನಡುವೆಯೂ ಉರಿದರೆ ಅದು ದೀಪವಲ್ಲ, ಕಣ್ಣಿಗೆ ಎರಚಿದ ಖಾರದ ಪುಡಿ. ಮನೆಯ ಫ್ಯಾನಿಗೆ ರೆಗ್ಯುಲೇಟರ್ ಇದೆ; ಇಂಥ ಎಷ್ಟೋ ದೀಪಪಟ್ಟಿಗಳಿಗೆ ಇಲ್ಲ. ಯುರೋಪಿನ ದೇಶಗಳು ಅನುಸರಿಸುವ ಇಂಥ ದೀಪಗಳ ನಿಯಮ ಸೆಕೆಂಡಿಗೆ 2ರಿಂದ 4 ಬಾರಿ ಮಿನುಗಬೇಕು ಎನ್ನುತ್ತದೆ, ಹಗಲಿಗೊಂದು ರಾತ್ರಿಗೊಂದು ಪ್ರಖರತೆಯ ಮಟ್ಟಕ್ಕೂ ಅದರಲ್ಲಿ ಜಾಗವಿದೆ.

ಮಿನುಗಿನದು ಇನ್ನೊಂದು ತಕರಾರು. ಎದುರಿನ ವಾಹನ ಎಷ್ಟು ದೂರದಲ್ಲಿದೆ, ಹತ್ತಿರ ಬರುತ್ತಿದೆಯೇ ಎಂಬುದನ್ನು ಮೆದುಳು ಹೇಗೆ ಕಂಡುಕೊಳ್ಳುತ್ತದೆ? ಕಣ್ಣೊಳಗಿನ ಬಿಂಬ ಹಿಗ್ಗುವುದನ್ನು ನೋಡಿ. ರಾತ್ರಿ ಹೊತ್ತು ಲಾರಿಯ ಹಿಂದಿನ ಎರಡು ಕೆಂಪು ದೀಪಗಳ ನಡುವಿನ ಅಂತರ ಅಗಲವಾಗುತ್ತ ಹೋದರೆ ನಾವು ಅದರ ಸಮೀಪಕ್ಕೆ ಹೋಗುತ್ತಿದ್ದೇವೆ ಎಂದು ಯಾರೂ ಹೇಳಿಕೊಡದೆಯೇ ತಿಳಿಯುತ್ತದೆ. ಈ ಲೆಕ್ಕಕ್ಕೆ ದೀಪ ಉರಿಯುತ್ತಲೇ ಇರಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ. ಸೆಕೆಂಡಿಗೆ ಎರಡು ಬಾರಿ ಮಿನುಗುವ ದೀಪದ ಒಂದು ಮಿಂಚಿಗೂ ಮುಂದಿನದಕ್ಕೂ ನಡುವೆ ನಾನು ಎಂಟು ಮೀಟರ್ ಮುಂದೆ ಹೋಗಿರುತ್ತೇನೆ. ಆ ನಡುವೆ ಕಣ್ಣಿಗೆ ಹಿಡಿಯಲು ಏನೂ ಇಲ್ಲ. ಇನ್ನು ಎಡದ ದೀಪ ಒಮ್ಮೆ, ಬಲದ್ದು ಇನ್ನೊಮ್ಮೆ, ನಡುವಿನದು ಮತ್ತೊಮ್ಮೆ ಹೊಡೆದರೆ ಅಂತರ ಅಳೆಯುವುದು ಯಾವುದರಿಂದ ಯಾವುದಕ್ಕೆ? ಸಾಲದ್ದಕ್ಕೆ, ಸುತ್ತ ಗುರುತಿಗೆ ಏನೂ ಇಲ್ಲದ ಕತ್ತಲೆಯಲ್ಲಿ ಒಂಟಿ ಬೆಳಕಿನ ಚುಕ್ಕೆ ಸ್ಥಿರವಾಗಿದ್ದರೂ ಅಲುಗಾಡಿದಂತೆ ತೋರುತ್ತದೆ. ನಿಂತ ಜೀಪು ನನಗೆ ಬರುತ್ತಿರುವಂತೆ ಕಂಡದ್ದರಲ್ಲಿ ಇದರ ಪಾಲೂ ಇದ್ದೀತು. ದೀಪ ಪೂರ್ತಿ ಆರುವ ಬದಲು ಮಂದ, ಪ್ರಖರ, ಮಂದ, ಪ್ರಖರ ಎಂದು ಬದಲಾದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಬಣ್ಣದ ವಿಷಯಕ್ಕೆ ಬಂದರೆ ನಾನು ಬ್ಯಾಡಗಿಯ ಕಡೆ ಕರೆದುಕೊಂಡು ಹೋಗಬೇಕು. ಜನವರಿ, ಫೆಬ್ರುವರಿಯಲ್ಲಿ ಹಾವೇರಿ ಜಿಲ್ಲೆಯ ಕಣಗಳಲ್ಲಿ ಮೆಣಸಿನಕಾಯಿ ಒಣಹಾಕಿರುತ್ತಾರೆ. ಇಳಿಬಿಸಿಲಿನಲ್ಲಿ ನೆಲಕ್ಕೆ ಬೆಂಕಿ ಬಿದ್ದಂತಿರುವ ಆ ಕೆಂಪನ್ನು ಸೂರ್ಯ ಮುಳುಗಿದ ಮೇಲೂ ಅರ್ಧ ಗಂಟೆ ನಿಂತು ನೋಡಿ. ಪಕ್ಕದ ಬೇವಿನ ಮರ ಇನ್ನೂ ತಿಳಿಯಾಗಿ ಕಾಣುತ್ತಿರುತ್ತದೆ, ಮೆಣಸಿನಕಾಯಿ ಮಾತ್ರ ಇದ್ದಿಲ ರಾಶಿಯಂತೆ ಕಪ್ಪಾಗಿರುತ್ತದೆ. ಬೊಹೀಮಿಯಾದ ಯಾನ್ ಪುರ್ಕಿನ್ಯೆ ಎಂಬ ವಿಜ್ಞಾನಿ ಕೆಂಪು ಹೂಗಳಲ್ಲಿ ಇದನ್ನೇ ಗಮನಿಸಿ 1825ರಲ್ಲಿ ಬರೆದಿಟ್ಟ. ಅಕ್ಷಿಪಟದಲ್ಲಿ ಹಗಲಿಗೆ ಕೆಲಸ ಮಾಡುವ ಶಂಕುಕೋಶಗಳಿಗೆ ಹಳದಿ ಮಿಶ್ರಿತ ಹಸಿರು, ಅಂದರೆ 555 ನ್ಯಾನೊಮೀಟರ್ ಆಸುಪಾಸಿನ ತರಂಗಾಂತರದ ಬೆಳಕು, ಹೆಚ್ಚು ಪ್ರೀತಿ. ಕತ್ತಲಾದಂತೆ ಕೆಲಸ ವಹಿಸಿಕೊಳ್ಳುವ ದಂಡಕೋಶಗಳಿಗೆ 507ರ ಸುತ್ತಲಿನ ನೀಲಿ ಹಸಿರು. ಕೆಂಪೆಂದರೆ ದಂಡಕೋಶಗಳು ಹೆಚ್ಚುಕಡಿಮೆ ಕುರುಡು. ಬಿಳಿ ಜೀಪಿನ ಮೇಲೆ ಬಳಿದ ಕೆಂಪು ಪಟ್ಟಿ ಮುಸ್ಸಂಜೆಯಲ್ಲಿ ಕಪ್ಪು ಪಟ್ಟಿಯಾಗುವುದು ಹೀಗೆ. ಅಮೆರಿಕದ ಡಲ್ಲಾಸ್ ನಗರದ ಅಗ್ನಿಶಾಮಕ ವಾಹನಗಳನ್ನು ಕುರಿತು 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಿಂಬೆ ಹಳದಿ ಬಣ್ಣದವು ಕೆಂಪಿನವಕ್ಕಿಂತ ಕಡಿಮೆ ಅಪಘಾತಕ್ಕೆ ಸಿಲುಕಿದ್ದವು.

ಉರಿಯುವ ಕೆಂಪು ದೀಪಕ್ಕೆ ಈ ಮಾತು ಅಷ್ಟಾಗಿ ಅನ್ವಯಿಸದು. ಅದು ಶಂಕುಕೋಶಗಳನ್ನು ತಟ್ಟುವಷ್ಟು ಪ್ರಖರವಾಗಿಯೇ ಇರುತ್ತದೆ. ಅದರ ಕಷ್ಟ ಬೇರೆ: ರಸ್ತೆಯ ಮೇಲಿನ ಪ್ರತಿ ಬ್ರೇಕ್ ದೀಪವೂ ಕೆಂಪು. ನೀಲಿ ಅಪರೂಪದ ಬಣ್ಣವಾದ್ದರಿಂದ ಗುರುತಿಗೆ ಸುಲಭ, ರಾತ್ರಿ ಹೆಚ್ಚು ಪ್ರಖರವಾಗಿಯೂ ಕಾಣುತ್ತದೆ. ಆದರೆ ಕಣ್ಣಿನ ಮಸೂರಕ್ಕೆ ನೀಲಿಯನ್ನೂ ಕೆಂಪನ್ನೂ ಒಟ್ಟಿಗೆ ಸ್ಪಷ್ಟವಾಗಿ ಮೂಡಿಸಲು ಬರುವುದಿಲ್ಲ. ನೀಲಿಯ ಅಂಚು ಯಾವಾಗಲೂ ಕದಡಿದಂತೆಯೇ ಇರುತ್ತದೆ. ಆ ಅಪರೂಪವೂ ಈಗ ಉಳಿದಿಲ್ಲವೆನ್ನಿ. ಸಂಜೆ ಏಳರ ಮೇಲೆ ಹುಬ್ಬಳ್ಳಿಯ ಯಾವುದೇ ಬೀದಿಗೆ ಬನ್ನಿ: ಎಗ್‌ರೈಸ್ ಗಾಡಿ, ಗಿರ್ಮಿಟ್ ಅಂಗಡಿ, ಆಟೋದ ಒಳಮೈ, ಮದುವೆಯ ಮೆರವಣಿಗೆ, ಎಲ್ಲ ಕಡೆ ಕೆಂಪು ನೀಲಿ ಎಲ್‌ಇಡಿ ಮಾಲೆ. 2017ರ ಮೇ 1ರಿಂದ ಮಂತ್ರಿ ಮಹೋದಯರ ಕಾರುಗಳ ಮೇಲಿನ ಕೆಂಪು ದೀಪ ಇಳಿಯಿತು. ಗಿರ್ಮಿಟ್ ಅಂಗಡಿಯದನ್ನು ಇಳಿಸುವವರು ಯಾರು?

ಈಗ ಅಂಟುಚಿತ್ರಗಳು. ನಮ್ಮಲ್ಲಿ ಇವಕ್ಕೆಲ್ಲ ಒಂದೇ ಹೆಸರು, ರೇಡಿಯಂ. ನಂಬರ್ ಪ್ಲೇಟು ಬರೆಯುವವನದು ರೇಡಿಯಂ ಅಂಗಡಿ. 1898ರಲ್ಲಿ ಕ್ಯೂರಿ ದಂಪತಿ ಕಂಡುಹಿಡಿದ ರೇಡಿಯಂ ಒಂದು ಕಾಲಕ್ಕೆ ಗಡಿಯಾರದ ಮುಳ್ಳುಗಳನ್ನು ಕತ್ತಲೆಯಲ್ಲಿ ಹೊಳೆಯಿಸುತ್ತಿತ್ತು. ಆ ವಿಕಿರಣದ ಬಣ್ಣ ಬಳಕೆಯಿಂದ ಹೋಗಿ ಎಷ್ಟೋ ದಶಕಗಳಾದವು, ಹೆಸರು ಮಾತ್ರ ನಮ್ಮ ಬೈಕುಗಳಿಗೆ ಅಂಟಿಕೊಂಡಿದೆ. ಈ ಒಂದು ಹೆಸರಿನಡಿ ಮೂರು ಬೇರೆ ಬೇರೆ ವಸ್ತುಗಳಿವೆ. ಒಂದು ಬರೀ ಬಣ್ಣದ ಹಾಳೆ. ಇನ್ನೊಂದು ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ ಗಿಳಿಹಸಿರಾಗಿ ಹೊರಬಿಡುವ ಪ್ರತಿದೀಪ್ತಿಯ ಹಾಳೆ. ಮೋಡದ ದಿನ, ಮುಸ್ಸಂಜೆಯಲ್ಲಿ ಅದಕ್ಕೆ ಸಾಟಿಯಿಲ್ಲ, ರಾತ್ರಿ ಅದರ ಹೆಚ್ಚುಗಾರಿಕೆ ಸೊನ್ನೆ. ಮೂರನೆಯದೇ ನಿಜವಾದ ಜಾಣ. ಅದರೊಳಗೆ ಸಾವಿರಾರು ಸೂಕ್ಷ್ಮ ಗಾಜಿನ ಮಣಿಗಳು ಅಥವಾ ಪುಟ್ಟ ಪಟ್ಟಕಗಳು (ಪ್ರಿಸಂ) ಇರುತ್ತವೆ. ಬೆಳಕು ಯಾವ ದಿಕ್ಕಿನಿಂದ ಬಂತೋ ಅದೇ ದಿಕ್ಕಿಗೆ ಹಿಂದಿರುಗುತ್ತದೆ. ನನ್ನ ಬೈಕಿನ ದೀಪದ ಬೆಳಕು ಆಕಾಶಕ್ಕೂ ಹೊಲಕ್ಕೂ ಚದುರದೆ ನನ್ನ ಕಣ್ಣಿಗೇ ಮರಳುತ್ತದೆ. ವಿದ್ಯುತ್ ಬೇಡ, ಕಣ್ಣು ಕುಕ್ಕುವುದಿಲ್ಲ.

ಯಾವುದು ಯಾವ ಹಾಳೆ ಎಂದು ತಿಳಿಯಲು ಮೊಬೈಲ್ ಸಾಕು. ಕತ್ತಲೆಯಲ್ಲಿ ಹತ್ತು ಹೆಜ್ಜೆ ದೂರ ನಿಂತು ಫ್ಲ್ಯಾಷ್ ಹಾಕಿ ಚಿತ್ರ ತೆಗೆಯಿರಿ. ಹಾಗೆ ನಾನೊಮ್ಮೆ ನಿಂತಿದ್ದ ಒಂದು ಗಸ್ತು ವಾಹನದ ಚಿತ್ರ ತೆಗೆದೆ, ಕೇಳಿಯೇ. ನಂಬರ್ ಪ್ಲೇಟು ಬೆಳ್ಳಿಯಂತೆ ಉರಿಯಿತು. ಬಾಗಿಲ ಮೇಲೆ ಹಗಲಿಗೆ ಅಷ್ಟು ಠೀವಿಯಿಂದಿದ್ದ ಅಡ್ಡಪಟ್ಟಿ, ಲಾಂಛನ, ಓರೆ ಅಕ್ಷರಗಳು ಎಲ್ಲ ಸತ್ತುಬಿದ್ದಿದ್ದವು. ತಮಾಷೆಯೆಂದರೆ ಕಬ್ಬಿನ ಹಂಗಾಮಿನಲ್ಲಿ ರೈತರ ಟ್ರೇಲರುಗಳನ್ನು ನಿಲ್ಲಿಸಿ ಹಿಂಭಾಗಕ್ಕೆ ಕೆಂಪು ಪ್ರತಿಫಲನ ಪಟ್ಟಿ ಅಂಟಿಸುವವರು ಪೊಲೀಸರೇ.

ಪಟ್ಟಿ ಎಷ್ಟು ಅಗಲವಿರಬೇಕು? ಇದಕ್ಕೂ ಲೆಕ್ಕವಿದೆ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸಣ್ಣದನ್ನು ಬಿಡಿಸಿ ನೋಡಬಲ್ಲದು. 500 ಮೀಟರ್ ದೂರದಲ್ಲಿ ಅದು ಸುಮಾರು 15 ಸೆಂಟಿಮೀಟರಿಗೆ ಸಮ. ಅದಕ್ಕಿಂತ ಚಿಕ್ಕ ಚಿತ್ತಾರವೆಲ್ಲ ಕಲಸಿಹೋಗಿ ಒಂದೇ ಬೂದು. 1990ರ ದಶಕದಲ್ಲಿ ಬ್ರಿಟನ್ನಿನ ಪೊಲೀಸ್ ವಿಜ್ಞಾನ ವಿಭಾಗದವರು ಹೆದ್ದಾರಿ ಗಸ್ತಿಗೆ ವಿನ್ಯಾಸ ಮಾಡುವಾಗ 500 ಮೀಟರನ್ನೇ ಗುರಿಯಾಗಿ ಇಟ್ಟುಕೊಂಡರು. ಹುಟ್ಟಿದ್ದು 60 ಸೆಂಟಿಮೀಟರ್ ಉದ್ದ, 30 ಎತ್ತರದ ಹಳದಿ ನೀಲಿ ಚೌಕಳಿ ಮನೆಗಳು. ಅದಕ್ಕೆ ಬ್ಯಾಟನ್‌ಬರ್ಗ್ ಎಂದು ಹೆಸರು, ಕತ್ತರಿಸಿದರೆ ಒಳಗೆ ಎರಡು ಬಣ್ಣದ ಚೌಕಗಳು ಕಾಣುವ ಒಂದು ಕೇಕಿನ ನೆನಪಿಗೆ. ನಮ್ಮವರು ಮಾಡಿದ್ದರೆ ಇಳಕಲ್ ಚೌಕಳಿ ಎನ್ನುತ್ತಿದ್ದರೇನೋ. ನಮ್ಮ ಕಡೆಯ ವಾಹನಗಳ ಮೇಲೆ ಓಡುವ ಐದು ಸೆಂಟಿಮೀಟರಿನ ಗೀಟು 170 ಮೀಟರ್ ಆಚೆಗೆ ಇದ್ದೂ ಇಲ್ಲದಂತೆ.

ಗೀಟಿನ ಜೊತೆಗೆ ಬೆಂಕಿಯ ಜ್ವಾಲೆ, ಮಿಂಚಿನ ಗೆರೆ, ಘೋಷವಾಕ್ಯ, ದೂರವಾಣಿ ಸಂಖ್ಯೆ, ಪ್ರಾಯೋಜಕರ ಹೆಸರು ಸೇರಿದರೆ ಜೀಪು ಕೌದಿಯಾಗುತ್ತದೆ. ನಮ್ಮಜ್ಜಿ ಹೊಲಿದ ಕೌದಿಗಳನ್ನು ಒಂದರ ಮೇಲೊಂದು ಹಾಸಿದರೆ ಯಾವುದರ ಅಂಚು ಎಲ್ಲಿ ಮುಗಿಯಿತೆಂದು ಹಗಲಲ್ಲೂ ತಿಳಿಯುತ್ತಿರಲಿಲ್ಲ. 1917ರಲ್ಲಿ ನಾರ್ಮನ್ ವಿಲ್ಕಿನ್ಸನ್ ಎಂಬ ಬ್ರಿಟಿಷ್ ಕಲಾವಿದ ಯುದ್ಧಕಾಲದ ಹಡಗುಗಳಿಗೆ ಬಳಿಸಿದ ಅಡ್ಡಾದಿಡ್ಡಿ ಪಟ್ಟೆಗಳ ಉದ್ದೇಶ ಇದೇ ಆಗಿತ್ತು: ಹಡಗು ಕಾಣಲಿ, ಆದರೆ ಅದರ ಮೂತಿ ಯಾವ ಕಡೆ, ವೇಗವೆಷ್ಟು ಎಂಬುದು ಶತ್ರುವಿನ ಜಲಾಂತರ್ಗಾಮಿಗೆ ತಿಳಿಯದಿರಲಿ. ಬ್ರಿಟನ್ನಿನ ಚೌಕಗಳೂ ಇದರಿಂದ ಪೂರ್ತಿ ಪಾರಾಗಿಲ್ಲ. ನಾಲ್ಕಾರು ವಾಹನ ಒತ್ತಾಗಿ ನಿಂತರೆ ಎಲ್ಲ ಚೌಕಗಳೂ ಒಂದರಲ್ಲೊಂದು ಬೆರೆತುಹೋಗುತ್ತವೆ.

ಅಕ್ಷರಗಳ ಬಗ್ಗೆ ಒಂದೇ ಮಾತು. ಕಣ್ಣಿನ ವೈದ್ಯರ ಫಲಕದ ಲೆಕ್ಕದಂತೆ 60 ಮೀಟರ್ ದೂರದಿಂದ ಸರಿಯಾದ ಕಣ್ಣಿಗೆ ಓದಲು ಬರುವ ಕನಿಷ್ಠ ಅಕ್ಷರ ಸುಮಾರು ಒಂಬತ್ತು ಸೆಂಟಿಮೀಟರ್ ಎತ್ತರದ್ದು. ಅದು ಇಂಗ್ಲಿಷಿನ ನೆಟ್ಟನೆಯ ಅಕ್ಷರಕ್ಕೆ. ‘ಪ’, ‘ಫ’, ‘ಷ’ಗಳ ನಡುವೆ ಒಂದು ಸಣ್ಣ ಗೀರಿನ ವ್ಯತ್ಯಾಸವಿರುವ ನಮ್ಮ ಲಿಪಿಗೆ ಇನ್ನೂ ದೊಡ್ಡದು ಬೇಕು, ಗುಣಿತದ ಚಿಹ್ನೆಗಳಿಗೆ ಜಾಗ ಬೇಕು. ನಾವು ಮಾಡುವುದು ಅದನ್ನು ಓರೆಯಾಗಿಸಿ, ನೆರಳು ಕೊಟ್ಟು, ಚಿನ್ನದ ಅಂಚು ಕಟ್ಟುವುದು.

ಪೇದೆಯ ಉಡುಪನ್ನಂತೂ ಮರೆಯುವಂತಿಲ್ಲ. ಫಾರಸಿಯಲ್ಲಿ ಖಾಕ್ ಎಂದರೆ ಧೂಳು. 1840ರ ದಶಕದಲ್ಲಿ ಪೆಶಾವರದ ಕಡೆಯ ಬ್ರಿಟಿಷ್ ಪಡೆಯೊಂದಕ್ಕೆ ಧೂಳಿನ ಬಣ್ಣದ ಬಟ್ಟೆ ತೊಡಿಸಿದ್ದು ವೈರಿಗೆ ಕಾಣದಿರಲೆಂದು. ಆ ಬಟ್ಟೆಯನ್ನೇ ತೊಡಿಸಿ, ಮೇಲೊಂದು ಕಪ್ಪು ಮಳೆಕೋಟು ಹಾಕಿಸಿ, ರಾತ್ರಿ ಹೆದ್ದಾರಿಯಲ್ಲಿ ನಿಂತು ಎಲ್ಲರಿಗೂ ಕಾಣಿಸಿಕೊಳ್ಳಿ ಎಂದು ಕಳುಹಿಸುತ್ತೇವೆ. ಪ್ರತಿಫಲನ ಪಟ್ಟಿಯ ಜಾಕೆಟ್ಟು ಆ ರಾತ್ರಿ ಜೀಪಿನ ಸೀಟಿನ ಮೇಲಿತ್ತು. ಮಳೆಕೋಟಿನ ಮೇಲೆ ಅದು ಹಿಡಿಸುವುದಿಲ್ಲವಂತೆ.

ಬೈಕನ್ನು ಬದಿಗೆ ನಿಲ್ಲಿಸಿ ಅವರ ಜೊತೆ ಸ್ವಲ್ಪ ಹೊತ್ತು ಮಾತನಾಡುತ್ತ ನಿಂತೆ. ಮಳೆ ನಿಂತಿತ್ತು. ಕ್ರೇನ್ ಬರುವುದು ಇನ್ನೂ ಒಂದು ಗಂಟೆಯಾಗುತ್ತದೆ ಎಂದರು. ಆಮೇಲೆ ಜೀಪಿನೊಳಗೆ ಬಗ್ಗಿ ಮೇಲಿನ ದೀಪಪಟ್ಟಿಯನ್ನು ಆರಿಸಿ, ಹಿಂದಿನ ಎರಡು ಹಳದಿ ಇಂಡಿಕೇಟರುಗಳನ್ನಷ್ಟೇ ಬಿಟ್ಟರು.

“ಏಕೆ ಸಾಹೇಬರೇ, ಆರಿಸಿಬಿಟ್ಟಿರಿ?”

“ಬ್ಯಾಟರಿ ಇಳಿಯುತ್ತದೆ ಸರ್. ಆಮೇಲೆ ತಳ್ಳುವವರು ಯಾರು?”

ಕಣ್ಣಿಗೆ ಒಂದು ನಿಮಿಷ ಹಿಡಿಯಿತು. ಮೊದಲು ಜೀಪಿನ ಬಿಳಿ ಮೈ ಮೂಡಿತು. ಆಮೇಲೆ ಟ್ರೇಲರಿನ ಮೇಲೆದ್ದ ಗಾಲಿ, ರಸ್ತೆಯ ಮೇಲೆ ಚೆಲ್ಲಿದ ಗೋವಿನಜೋಳ, ಅದರ ಅಂಚಿಗೆ ಕುಕ್ಕರಗಾಲಿನಲ್ಲಿ ಕೂತು ಬೀಡಿ ಸೇದುತ್ತಿದ್ದ ಚಾಲಕ. ಟ್ರೇಲರಿನಿಂದ ಇಪ್ಪತ್ತು ಹೆಜ್ಜೆ ಹಿಂದೆ ಯಾರೋ ಆಗಲೇ ನಾಲ್ಕು ಕಲ್ಲು ಸಾಲಾಗಿ ಇಟ್ಟು, ನಡುವೆ ಒಂದು ಜಾಲಿಯ ಟೊಂಗೆ ನಿಲ್ಲಿಸಿದ್ದರು. ಬರುವಾಗ ನಾನು ಅದನ್ನು ಎಡವುವುದರಿಂದ ಒಂದು ಗೇಣು ತಪ್ಪಿಸಿಕೊಂಡು ಬಂದಿದ್ದೆ.