ಜೋಮು ಎಂಬ ಒಂದು ಪದ, ಕಾಲಿನ ಹಲವು ಬೇನೆಗಳು

ಸತ್ಯನಾರಾಯಣ ಪೂಜೆಗೆಂದು ಒಂದು ಗಂಟೆ ಚಕ್ಕಳಮಕ್ಕಳ ಹಾಕಿ ಕುಳಿತು ಎದ್ದಾಗ ಕಾಲು ನಮ್ಮದೇ ಅಲ್ಲವೆಂಬಂತಾಗಿ, ಅನಂತರ ಇರುವೆ ಹರಿದಂತೆ ಜುಮುಗುಡುವುದನ್ನು ‘ಜೋಮು ಹಿಡಿಯುವುದು’ ಎನ್ನುತ್ತೇವೆ. ಮಡಿಸಿದ ಕಾಲಿನ ನರದ ಮೇಲೆ ಒತ್ತಡ ಬಿದ್ದು ಸಂವೇದನೆ ತಡೆದು ನಿಲ್ಲುವುದರಿಂದ ಹೀಗಾಗುತ್ತದೆ; ಕಾಲು ಚಾಚಿ ನಾಲ್ಕು ಹೆಜ್ಜೆ ಹಾಕಿದರೆ ಕೆಲವೇ ನಿಮಿಷಗಳಲ್ಲಿ ಹೋಗುತ್ತದೆ. ಆದರೆ ವಯಸ್ಸಾದವರು ಇದೇ ಪದವನ್ನು ಎಷ್ಟೋ ಬಗೆಯ ತೊಂದರೆಗಳಿಗೆ ಬಳಸುತ್ತಾರೆ, ಮನೆಯವರೂ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತಾರೆ.

ನಮ್ಮ ದೊಡ್ಡಮ್ಮ ಎರಡು ವರ್ಷ ಹಾಗೆಯೇ ಹೇಳುತ್ತಿದ್ದರು. ಒಂದು ಬೆಳಿಗ್ಗೆ ಲಾಲ್‌ಬಾಗಿನಲ್ಲಿ ನಡೆಯುತ್ತಿದ್ದಾಗ ಹಿಂದಿನಿಂದ ಒಬ್ಬ ಹುಡುಗ, “ಅಜ್ಜಿ, ನಿಮ್ಮ ಚಪ್ಪಲಿ!” ಎಂದು ಕೂಗಿದ. ಎಡಗಾಲಿನ ಹವಾಯಿ ಚಪ್ಪಲಿ ಕಳಚಿ ಹತ್ತು ಹೆಜ್ಜೆ ಹಿಂದೆಯೇ ಬಿದ್ದಿತ್ತು. ಬರಿಗಾಲಿನಲ್ಲಿ ಜಲ್ಲಿಕಲ್ಲು ತುಳಿದು ಬಂದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಇದು ಜೋಮಲ್ಲ, ಮರಗಟ್ಟುವುದು.

ಮರಗಟ್ಟುವುದೆಂದರೆ ಮರದಂತಾಗುವುದು. ಜೋಮಿನಲ್ಲಿ ಇಲ್ಲದ ಸಂವೇದನೆಯೊಂದು ಹುಟ್ಟಿದರೆ, ಮರಗಟ್ಟಿದಾಗ ಇರಬೇಕಾದ ಸಂವೇದನೆಯೇ ಹೋಗಿರುತ್ತದೆ. ವೈದ್ಯರು ಮೊದಲು ತಿಳಿಯಬಯಸುವುದು ಈ ವ್ಯತ್ಯಾಸವನ್ನೇ. ವಿಚಿತ್ರವೆಂದರೆ ಎರಡೂ ಒಟ್ಟಿಗೆ ಇರಬಹುದು: ಹಗಲಿನಲ್ಲಿ ಮುಳ್ಳು ಚುಚ್ಚಿದರೂ ತಿಳಿಯದ ಪಾದ ರಾತ್ರಿ ಹೊದಿಕೆ ತಗುಲಿದರೆ ಉರಿಯುತ್ತದೆ, ಏಕೆಂದರೆ ಹಾನಿಗೊಂಡ ನರ ಹೊರಗಿನ ಸುದ್ದಿಯನ್ನು ಒಯ್ಯಲಾರದೆ ತಾನಾಗಿಯೇ ಸುಳ್ಳು ಸುದ್ದಿ ಕಳಿಸುತ್ತಿರುತ್ತದೆ.

ಎರಡೂ ಪಾದಗಳ ಬೆರಳುಗಳಿಂದ ಆರಂಭವಾಗಿ, ಕಾಲುಚೀಲ ಹಾಕಿದಂತೆ ಮೇಲಕ್ಕೇರುವ ಈ ಬೇನೆಯನ್ನು ವೈದ್ಯರು ನ್ಯೂರೋಪತಿ ಎನ್ನುತ್ತಾರೆ. ಸೊಂಟದಿಂದ ಹೆಬ್ಬೆರಳಿನವರೆಗೆ ಹೋಗುವ ನರತಂತುಗಳು ದೇಹದಲ್ಲೇ ಅತ್ಯಂತ ಉದ್ದವಾದುವು; ಆದ್ದರಿಂದ ಅವುಗಳ ತುದಿ ಮೊದಲು ಸೊರಗುತ್ತದೆ. ಇದಕ್ಕೆ ಅತಿ ಸಾಮಾನ್ಯವಾದ ಕಾರಣ ಸಕ್ಕರೆ ಕಾಯಿಲೆ. ಇನ್ನೊಂದು ಕಾರಣ ಬಿ12 ಜೀವಸತ್ವದ ಕೊರತೆ. ಇದು ಹಾಲು, ಮೊಟ್ಟೆ, ಮೀನು, ಮಾಂಸಗಳಲ್ಲಿ ಮಾತ್ರ ಸಾಕಷ್ಟಿರುವುದರಿಂದ ಸಸ್ಯಾಹಾರಿ ಮನೆಗಳಲ್ಲಿ ಕೊರತೆ ಸುಲಭವಾಗಿ ಬರುತ್ತದೆ. ವಯಸ್ಸಾದಂತೆ ಜಠರದ ಆಮ್ಲ ಕಡಿಮೆಯಾಗಿ ಆಹಾರದಲ್ಲಿರುವುದೂ ಮೈಗೆ ಹತ್ತುವುದಿಲ್ಲ, ಸಕ್ಕರೆ ಕಾಯಿಲೆಗೆಂದು ವರ್ಷಗಟ್ಟಲೆ ನುಂಗುವ ಮೆಟ್‌ಫಾರ್ಮಿನ್ ಮಾತ್ರೆ ಮತ್ತು ಗ್ಯಾಸಿನ ಮಾತ್ರೆಗಳು ಅದನ್ನು ಇನ್ನಷ್ಟು ಇಳಿಸುತ್ತವೆ. ಥೈರಾಯ್ಡ್, ಮದ್ಯಪಾನ, ಕುಷ್ಠರೋಗ, ಕೆಲವು ಕ್ಯಾನ್ಸರ್ ಔಷಧಿಗಳೂ ಕಾರಣವಾಗಬಹುದು.

ಊರಿನಲ್ಲಿ ಇದನ್ನೆಲ್ಲ ‘ನರದೌರ್ಬಲ್ಯ’ ಎಂದು ಕರೆಯುವುದು ನನಗೆ ಸರಿಯೆನಿಸುವುದಿಲ್ಲ. ಇಲ್ಲಿ ಮೊದಲು ಹೋಗುವುದು ಸಾಮಾನ್ಯವಾಗಿ ಬಲವಲ್ಲ, ಅರಿವು. ‘ದೌರ್ಬಲ್ಯ’ ಎಂದೊಡನೆ ಜನರು ಔಷಧಿ ಅಂಗಡಿಯ ಟಾನಿಕ್ಕಿಗೆ ಕೈಚಾಚುತ್ತಾರೆ. ಅಂಥ ಮಾತ್ರೆಗಳಲ್ಲಿರುವ ಬಿ6 ಜೀವಸತ್ವವನ್ನು ಹೆಚ್ಚು ಪ್ರಮಾಣದಲ್ಲಿ ಬಹುಕಾಲ ತೆಗೆದುಕೊಂಡರೆ ಅದೇ ನರಕ್ಕೆ ಹಾನಿ ಮಾಡುತ್ತದೆ.

ನಡೆಯುವಾಗ ಮಾತ್ರ ಬರುವ ನೋವಿನ ಕಥೆ ಬೇರೆ. ಗಾಂಧಿಬಜಾರಿನಲ್ಲಿ ನಡೆಯುತ್ತಿದ್ದವರಿಗೆ ತೊಡೆ, ಮೀನಖಂಡ ಭಾರವಾಗಿ, ತರಕಾರಿಯ ತಳ್ಳುಗಾಡಿಗೆ ಮುಂದಕ್ಕೆ ಬಾಗಿ ಒರಗಿದೊಡನೆ ಹಾಯೆನಿಸಿದರೆ, ಸೊಂಟದ ಮಟ್ಟದಲ್ಲಿ ಬೆನ್ನುಮೂಳೆಯ ನಾಳ ಕಿರಿದಾಗಿರುವ ಸಂಭವ ಹೆಚ್ಚು; ಬಾಗಿದಾಗ ಆ ನಾಳ ಸ್ವಲ್ಪ ತೆರೆದು ನರಗಳಿಗೆ ಜಾಗ ಸಿಗುತ್ತದೆ. ಬಾಗದೆ, ಕುಳಿತುಕೊಳ್ಳದೆ, ಸುಮ್ಮನೆ ನಿಂತರೂ ಕೆಲವು ನಿಮಿಷಗಳಲ್ಲಿ ನೋವು ಇಳಿದರೆ ಕಾಲಿನ ರಕ್ತನಾಳ ಕಟ್ಟಿಕೊಂಡಿರಬಹುದು; ಬೀಡಿ ಸಿಗರೇಟು ಸೇದುವವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ತೋಳು ಮತ್ತು ಕಣಕಾಲಿನ ರಕ್ತದೊತ್ತಡವನ್ನು ಹೋಲಿಸಿ ನೋಡಿದಾಗ ಕಣಕಾಲಿನದು ತೋಳಿನದಕ್ಕೆ 0.9 ಪಟ್ಟಿಗಿಂತ ಕಡಿಮೆಯಿದ್ದರೆ ಅನುಮಾನ ಬಲವಾಗುತ್ತದೆ. ಒಂದೇ ಕಾಲಿನಲ್ಲಿ ಪೃಷ್ಠದಿಂದ ಪಾದದವರೆಗೆ ಮಿಂಚಿನಂತೆ ಇಳಿಯುವ ಸೆಳೆತ ಸಯಾಟಿಕಾ.

ಒಂದು ಬದಿಯ ಕೈಕಾಲು ಥಟ್ಟನೆ ಮರಗಟ್ಟಿ ಮಾತು ತೊದಲಿದರೆ, ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ ಬಿಳುಚಿಕೊಂಡರೆ, ಅಥವಾ ತೊಡೆಸಂದು ಮರಗಟ್ಟಿ ಮೂತ್ರದ ಹಿಡಿತ ತಪ್ಪಿದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು.

ದೊಡ್ಡಮ್ಮನ ಹೆಬ್ಬೆರಳ ಮೇಲೆ ವೈದ್ಯರು ಸೆಕೆಂಡಿಗೆ 128 ಬಾರಿ ಕಂಪಿಸುವ ಲೋಹದ ಶ್ರುತಿಕವೆಯನ್ನು ಮಿಡಿದು ಇಟ್ಟು, ಕಂಪನ ತಿಳಿಯುತ್ತದೆಯೇ ಎಂದು ನೋಡಿದರು. “ಏನೂ ಇಲ್ಲ” ಎಂದರು ದೊಡ್ಡಮ್ಮ. ಕಣಕಾಲಿಗೆ ತಂದಾಗ “ಸ್ವಲ್ಪ” ಎಂದರು, ಮಂಡಿಗೆ ಇಟ್ಟಾಗ “ಈಗ ಗುಯ್ ಅಂತಿದೆ” ಎಂದರು. ಹದಿನಾಲ್ಕು ವರ್ಷದ ಸಕ್ಕರೆ ಕಾಯಿಲೆಯ ಜೊತೆಗೆ ಬಿ12 ಕೂಡ ತೀರ ಕಡಿಮೆಯಿತ್ತು. ಚುಚ್ಚುಮದ್ದು ಶುರುವಾದ ಮೇಲೆ ಕೆಲವು ತಿಂಗಳಲ್ಲಿ ರಾತ್ರಿಯ ಉರಿ ತಗ್ಗಿತು, ಬೆರಳುಗಳ ಅರಿವು ಪೂರ್ತಿ ಮರಳಲಿಲ್ಲ. ಈಗ ಅವರು ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಹಾಕುತ್ತಾರೆ, ಬಚ್ಚಲಿನ ಬಿಸಿನೀರನ್ನು ಕಾಲಿಗೆ ಹೊಯ್ಯುವ ಮುನ್ನ ಮೊಣಕೈಯಿಂದ ಮುಟ್ಟಿ ನೋಡುತ್ತಾರೆ, ಮಲಗುವ ಮುನ್ನ ಅಂಗಾಲಿಗೆ ಕೈಗನ್ನಡಿ ಹಿಡಿದು ಗಾಯವಾಗಿದೆಯೇ ಎಂದು ಹುಡುಕುತ್ತಾರೆ.