ಯಾವ ಗಣಪತಿ?

ಮೊನ್ನೆ ಬ್ಯಾಂಕಿನಲ್ಲಿ ಕೆವೈಸಿಗೆ ಕೂತಿದ್ದೆ. "ಇಮೇಲ್ ಐಡಿ ಹೇಳಿ ಸರ್" ಅಂದರು ಎದುರಿಗಿದ್ದ ಹುಡುಗಿ. ದನಿ ತಗ್ಗಿಸಿ ಹೇಳಿದೆ: "ಕೂಲ್‌ಗಣಪು, ಅಂಡರ್‌ಸ್ಕೋರ್, ಕೆಎ 15." ಅವರಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಜೋರಾಗಿಯೇ ಹೇಳಬೇಕಾಯಿತು. ಹಿಂದೆ ನಿಂತಿದ್ದವರು ಕಿಸಕ್ಕೆಂದರು. ನನಗೀಗ 41 ವರ್ಷ.

ಈ ಐಡಿ ಹುಟ್ಟಿದ್ದು 2003ರಲ್ಲಿ, ಸಾಗರದ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಸೈಬರ್ ಸೆಂಟರ್‌ನಲ್ಲಿ. ಹೊರಗೆ ಜಡಿಮಳೆ, ಒಳಗೆ ಯಾಹೂ. ನನ್ನ ಹೆಸರು ಟೈಪ್ ಮಾಡಿದರೆ, ಅದನ್ನು ಆಗಲೇ ಯಾರೋ ತಗೊಂಡಿದ್ದಾರೆ ಅಂತ ಬಂತು. ಇನಿಶಿಯಲ್ ಸೇರಿಸಿದೆ, ಅದೂ ಹೋಗಿತ್ತು. ಗಂಟೆಯ ಲೆಕ್ಕದಲ್ಲಿ ದುಡ್ಡು ಓಡುತ್ತಿತ್ತು. ಸೆಂಟರ್‌ನ ಹುಡುಗ ಬಂದು "ಮುಂದೆ ಏನಾದ್ರೂ ಹಾಕಿ, ಹಿಂದೆ ಗಾಡಿ ನಂಬರ್ ಹಾಕಿ" ಅಂದ. ಸಾಗರದ ಗಾಡಿಗಳಿಗೆ ಕೆಎ 15, ಶಿವಮೊಗ್ಗದವಕ್ಕೆ ಕೆಎ 14. ಹಾಗೆ ನಾನು ಕೂಲ್ ಆದೆ.

ನಮ್ಮೂರಿಗೆ ಈ ತಾಪತ್ರಯ ಹೊಸದೇನಲ್ಲ. ಗಣಪತಿಗಳಿಗೆ ಅಲ್ಲಿ ಬರವಿಲ್ಲ. ಮೇಲಿನಮನೆ ಗಣಪತಿ, ಕೆಳಗಿನಮನೆ ಗಣಪತಿ, ಹೊಳೆಬದಿ ಗಣಪತಿ. ನಾವು ಕೆಳಗಿನಮನೆಯವರು. ಮನೆಯ ಹೆಸರು ಸೇರಿಸಿದರೆ ಪೋಸ್ಟ್‌ಮ್ಯಾನ್‌ಗೂ ಗೊಂದಲವಿಲ್ಲ.

ಕಂಪ್ಯೂಟರ್‌ಗೂ ಇದೇ ಸಮಸ್ಯೆ ಬಂದಿತ್ತು. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಜೊತೆಗಾರರು ಒಂದೇ ಯಂತ್ರವನ್ನು ಹಲವರು ಒಟ್ಟಿಗೆ ಬಳಸುವ ವ್ಯವಸ್ಥೆ ತೋರಿಸಿದರು. ಹಲವರು ಬಂದ ಮೇಲೆ ಯಾರ ಫೈಲ್ ಯಾರದು ಅಂತ ಗೊತ್ತಾಗಬೇಕಲ್ವಾ? ಲಾಗಿನ್, ಪಾಸ್‌ವರ್ಡ್ ಬೇಕಾಗಿದ್ದು ಅದಕ್ಕೇ. 1971ರಲ್ಲಿ ರೇ ಟಾಮ್ಲಿನ್ಸನ್ ಒಂದು ಯಂತ್ರದಿಂದ ಇನ್ನೊಂದಕ್ಕೆ ಮೇಲ್ ಕಳಿಸಿದಾಗ, ಆಳಿನ ಹೆಸರು ಮತ್ತು ಯಂತ್ರದ ಹೆಸರಿನ ನಡುವೆ ಹಾಕಲು ಕೀಬೋರ್ಡಿನಲ್ಲಿ ಸುಮ್ನೆ ಕೂತಿದ್ದ 'ಅಟ್' ಚಿಹ್ನೆಯನ್ನು ಆರಿಸಿಕೊಂಡರು. ಇಂಥವನು, ಇಂಥ ಯಂತ್ರದಲ್ಲಿ ಇರುವವನು. ಅಂದರೆ ಮೇಲಿನಮನೆ ಗಣಪತಿ.

ಆ ಕಾಲದ ಲಾಗಿನ್‌ಗಳಲ್ಲಿ ಅಲಂಕಾರವಿರಲಿಲ್ಲ. ಕಂಪ್ಯೂಟರ್ ನಡೆಸುವ ಯೂನಿಕ್ಸ್ ಎಂಬ ವ್ಯವಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಡೆನಿಸ್ ಮ್ಯಾಕ್‌ಅಲಿಸ್ಟೇರ್ ರಿಚಿ ಬರೀ 'ಡಿಎಂಆರ್' ಆಗಿದ್ದರು. ತೀರ್ಥಹಳ್ಳಿ ಸೀಮೆಯವರಿಗೆ ಇದರಲ್ಲೇನೂ ವಿಶೇಷ ಕಾಣದು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಊರಿನದೊಂದು, ಅಪ್ಪನದೊಂದು, ತನ್ನದೊಂದು ಅಕ್ಷರ ತೆಗೆದು ಕುವೆಂಪು ಆದದ್ದು ಅದಕ್ಕಿಂತ ಎಷ್ಟೋ ಮೊದಲು. ಅದಕ್ಕೂ ಮುಂಚೆ ಅವರು 'ಕಿಶೋರ ಚಂದ್ರವಾಣಿ' ಅಂತ ಬರೆಯುತ್ತಿದ್ದರು. ಹುಡುಗುತನದ ಐಡಿ ಬದಲಿಸುವ ಭಾಗ್ಯ ಅವರಿಗಿತ್ತು, ನನಗಿಲ್ಲ.

ಇನ್ನೂ ಹಿಂದೆ ಹೋದರೆ ಅಂಕಿತ. 12ನೇ ಶತಮಾನದಲ್ಲಿ ಬಳ್ಳಿಗಾವಿಯ ಅಲ್ಲಮ 'ಗುಹೇಶ್ವರ' ಎಂದ, ಉಡುತಡಿಯ ಅಕ್ಕಮಹಾದೇವಿ 'ಚೆನ್ನಮಲ್ಲಿಕಾರ್ಜುನ' ಎಂದಳು. ಎರಡೂ ಶಿಕಾರಿಪುರ ತಾಲೂಕಿನ ಊರುಗಳೇ. ಅಂಕಿತ ಅವರ ಹೆಸರಲ್ಲ, ಇಷ್ಟದೈವದ್ದು. ಆದರೂ ಕೇಳಿದವರಿಗೆ ವಚನ ಯಾರದೆಂದು ತಿಳಿಯುತ್ತಿತ್ತು.

ನಮ್ಮ ಐಡಿಗಳಿಗೆ ಇನ್ನೊಂದು ಕಷ್ಟ ಇಂಗ್ಲಿಷ್ ಅಕ್ಷರ. ಕಂಪ್ಯೂಟರ್‌ಗೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ 1963ರ ಆಸ್ಕಿ ಪಟ್ಟಿಯಲ್ಲಿ ಇದ್ದದ್ದೇ 128 ಜಾಗ, ಅದರಲ್ಲಿ ಕನ್ನಡಕ್ಕೆ ಒಂದೂ ಇಲ್ಲ. ಇಮೇಲ್ ವಿಳಾಸ ಅದರ ಮೇಲೆಯೇ ನಿಂತಿತು. ಬೇರೆ ಲಿಪಿಗಳಲ್ಲೂ ವಿಳಾಸ ಇರಬಹುದು ಎಂಬ ನಿಯಮಗಳು ಬಂದದ್ದು 2012ರಲ್ಲಿ. ಅಷ್ಟರಲ್ಲಿ ಎಲ್ಲರೂ ಇಂಗ್ಲಿಷ್ ಅಕ್ಷರಗಳಿಗೆ ಒಗ್ಗಿಹೋಗಿದ್ದರು. ಹಾಗೆ ಬರೆದರೆ ಬಾಳೆ, ಬಾಲೆ, ಬಳೆ, ಬಲೆ ಎಲ್ಲ ಒಂದೇ. ಊರಿನ ಕಥೆಯೂ ಅಷ್ಟೇ. ಇಂಗ್ಲಿಷಿನ 'ಶಿಮೊಗ' 2014ರ ನವೆಂಬರ್ 1ರಂದು ಸರ್ಕಾರಿ ಲೆಕ್ಕದಲ್ಲಿ ಶಿವಮೊಗ್ಗ ಆಯಿತು. ಬೋರ್ಡುಗಳು ಬದಲಾದವು. ಆದರೆ ಅದಕ್ಕೂ ಮೊದಲು ಊರಿನ ಹೆಸರು ಹಾಕಿ ಮೇಲ್ ಐಡಿ ಮಾಡಿಕೊಂಡವರು ಇವತ್ತಿಗೂ ಶಿಮೊಗದವರೇ!

ಈಗಿನ ಮಕ್ಕಳು ಜಾಣರು. ಅಣ್ಣನ ಮಗಳು ಇನ್‌ಸ್ಟಾಗ್ರಾಂನಲ್ಲಿ ತನ್ನ ಹೆಸರೇ ಹಾಕಿಲ್ಲ. ಗುರುತಿಲ್ಲದವರ ಮೆಸೇಜ್ ಕಾಟ ಬೇಡ ಅಂತ. ಮಳೆಗಾಲದ ಬುಡದಲ್ಲಿ ಮರದ ಮೇಲೆ ಜೋತುಬೀಳುವ ಸೀತಾಳೆ ಹೂವಿನ ಹೆಸರು ಇಟ್ಟುಕೊಳ್ಳಲು ಹೋದಳು. ಯಾರೋ ತಗೊಂಡಿದ್ದರು. ಒಂದು 'ಎ' ಜಾಸ್ತಿ ಹಾಕಿದಳು, ಅದೂ ಇರಲಿಲ್ಲ. ಕೊನೆಗೆ ಅಂಡರ್‌ಸ್ಕೋರ್ ಹೊಡೆದು 'ಕೆಳಗಿನಮನೆ' ಸೇರಿಸಿದಳು. ಸಿಕ್ಕಿತು.

"ಹೆಸರು ಮುಚ್ಚಿಟ್ಟು ಮನೆ ಹೇಳ್ತೀಯಲ್ಲೇ" ಅಂದೆ.

"ಊರಿನವ್ರಿಗೆ ಗೊತ್ತಾಗ್ಲಿ ಚಿಕ್ಕಪ್ಪ, ಬೇರೆಯವ್ರಿಗೆ ಬೇಡ" ಅಂದಳು.

ಅಡಿಕೆ ಸುಲಿಯುತ್ತಿದ್ದ ಅಪ್ಪ ತಲೆಯೆತ್ತಿದರು. "ಮೇಲಿನಮನೆಯವ್ರೂ ಇದಾರಾ ಅದ್ರಲ್ಲಿ?"