ಬದುಕಿನ ಉದ್ದೇಶ: 10 ಪ್ರಶ್ನೆ, ಎರಡು ಅಂಕ

ಮೊದಲು ಗುರಿಗೂ ಉದ್ದೇಶಕ್ಕೂ ಇರುವ ವ್ಯತ್ಯಾಸ. ಮನಶ್ಶಾಸ್ತ್ರಜ್ಞ ವಿಲಿಯಂ ಡೇಮನ್ ಮತ್ತು ಸಂಗಡಿಗರು 2003ರಲ್ಲಿ ಕೊಟ್ಟ ವ್ಯಾಖ್ಯೆ ಪ್ರಕಾರ ಉದ್ದೇಶ ಬಹುಕಾಲ ನಿಲ್ಲಬೇಕು, ನನಗೆ ಅರ್ಥಪೂರ್ಣ ಅನಿಸಬೇಕು, ನನ್ನಾಚೆಗಿನ ಜಗತ್ತಿಗೂ ತಟ್ಟಬೇಕು. ಕೆಎಎಸ್ ಪಾಸಾಗುವುದು ಗುರಿ. ನಮ್ಮ ತಾಲೂಕಿನ ರೈತರ ಪಹಣಿ ತಕರಾರು ಬೇಗ ಬಗೆಹರಿಯುವಂತೆ ಮಾಡಬೇಕು ಅನ್ನುವುದು ಉದ್ದೇಶ. ಪರೀಕ್ಷೆ ಕೈಕೊಟ್ಟರೂ ಅದು ಉಳಿಯುತ್ತದೆ, ವಕೀಲರಾಗಿಯೂ ಮಾಡಬಹುದು.

'ನಾನು ಯಾರು, ನನ್ನ ದಾರಿ ಯಾವುದು' ಅನ್ನುವ ವಿಷಯದಲ್ಲಿ ಯುವಜನರು ಇರಬಹುದಾದ ನಾಲ್ಕು ಸ್ಥಿತಿಗಳನ್ನು ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಸಿಯಾ (1966) ಹೇಳಿದ್ದಾರೆ. ಅವನ್ನು ಗುರುತಿಸಲು ಎರಡೇ ಪ್ರಶ್ನೆ ಸಾಕು. ಬೇರೆ ಬೇರೆ ದಾರಿ ಹುಡುಕಿದ್ದಾರಾ? ಒಂದನ್ನು ಗಟ್ಟಿ ಮಾಡಿಕೊಂಡಿದ್ದಾರಾ? ಸಿಇಟಿ ರ‍್ಯಾಂಕ್ ಬಂತು, ಮನೆಯವರು ಹೇಳಿದರು, ಇಂಜಿನಿಯರಿಂಗೇ ನನ್ನ ದಾರಿ ಅಂತ ಒಪ್ಪಿಕೊಂಡವರು ಹುಡುಕಿಲ್ಲ, ಆದರೆ ಗಟ್ಟಿ ಮಾಡಿಕೊಂಡಿದ್ದಾರೆ.

ಈಗ ತಲೆ ಕೆಡಿಸುವ ಭಾಗ. ಮೈಕೆಲ್ ಸ್ಟೀಗರ್ ಮತ್ತು ಜೊತೆಯವರು 2006ರಲ್ಲಿ ಪ್ರಕಟಿಸಿದ, ಬದುಕಿನ ಅರ್ಥದ ಬಗೆಗಿನ ಪ್ರಶ್ನಾವಳಿಯಲ್ಲಿ 10 ಹೇಳಿಕೆಗಳಿವೆ. ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ. ಹತ್ತನ್ನೂ ಕೂಡಿಸಿ 70ಕ್ಕೆ ಇಷ್ಟು ಅಂತ ಬರೆಯಬಾರದು! ಇದರಲ್ಲಿ ಎರಡು ಅಳತೆಗಳಿವೆ. ಬದುಕಿಗೆ ಅರ್ಥ ಇದೆ ಅನ್ನುವ ಭಾವ ಒಂದು, ಅದನ್ನು ಹುಡುಕುತ್ತಿರುವುದು ಇನ್ನೊಂದು.

1, 4, 5, 6, 9ನೆಯ ಹೇಳಿಕೆಗಳು 'ಇದೆ' ಗುಂಪು. ಇದೊಂದನ್ನು ಬಾಯಿಪಾಠ ಮಾಡಿ, ಉಳಿದದ್ದೆಲ್ಲ 'ಹುಡುಕಾಟ'. 9ನೆಯದು ಮಾತ್ರ ಉಲ್ಟಾ, ಸ್ಪಷ್ಟ ಉದ್ದೇಶ ಇಲ್ಲ ಅನ್ನುವ ಹೇಳಿಕೆ ಅದು. ಹಾಗಾಗಿ ಕೊಟ್ಟ ಅಂಕವನ್ನು 8ರಿಂದ ಕಳೆಯಬೇಕು. 7 ಕೊಟ್ಟಿದ್ದರೆ 1, 2 ಕೊಟ್ಟಿದ್ದರೆ 6. ಆಮೇಲೆ ಕೂಡಿಸಿ. ಪ್ರತಿ ಗುಂಪಿಗೂ 5ರಿಂದ 35 ಬರುತ್ತದೆ.

ಯಾಕೆ ಬೇರೆ ಇಡಬೇಕು? ಒಬ್ಬಳಿಗೆ 'ಇದೆ' 30, 'ಹುಡುಕಾಟ' 10. ಇನ್ನೊಬ್ಬನಿಗೆ 10, 30. ಇಬ್ಬರದ್ದೂ ಒಟ್ಟು 40! ಅವಳು ನೆಲೆ ಕಂಡುಕೊಂಡಿದ್ದಾಳೆ, ಅವನು ತಡಕಾಡುತ್ತಿದ್ದಾನೆ. ಕೂಡಿಸಿದರೆ ಇಬ್ಬರೂ ಒಂದೇ ಥರ ಕಾಣುತ್ತಾರೆ, ಅಲ್ವಾ? ಮೂರನೆಯವಳಿಗೆ 30, 30 ಬರಬಹುದು. ಹಳ್ಳಿಯಲ್ಲೇ ನರ್ಸ್ ಆಗಬೇಕು ಅಂತ ಗೊತ್ತು, ಆದರೂ ಇನ್ನೂ ಆಳವಾಗಿ ಹುಡುಕುತ್ತಿದ್ದಾಳೆ. ಒಂದು ಜಾಸ್ತಿಯಾದರೆ ಇನ್ನೊಂದು ಕಡಿಮೆ ಆಗಲೇಬೇಕು ಅಂತೇನಿಲ್ಲ.

ಅಮೆರಿಕ ಮತ್ತು ಜಪಾನಿನ ನಡುವೆ ಮಾಡಿದ 2008ರ ಹೋಲಿಕೆ ಇದನ್ನೇ ತೋರಿಸಿತು. ಅಮೆರಿಕದ ಯುವಜನರಲ್ಲಿ ಹುಡುಕಾಟ ಜಾಸ್ತಿ ಇದ್ದವರಿಗೆ 'ಇದೆ' ಅಂಕ ಕಡಿಮೆ ಇರುತ್ತಿತ್ತು. ಜಪಾನಿನಲ್ಲಿ ಎರಡೂ ಜೊತೆಯಾಗಿ ಏರುತ್ತಿದ್ದವು. ಆದ್ದರಿಂದ ನಮ್ಮ ಕ್ಯಾಂಪಸ್‌ನಲ್ಲಿ ಈ ಪ್ರಶ್ನಾವಳಿ ಬಳಸುವವರು ಹುಡುಕಾಟದ ಅಂಕ ಒಂದನ್ನೇ ನೋಡಿ ಆ ವಿದ್ಯಾರ್ಥಿ ಕಷ್ಟದಲ್ಲಿದ್ದಾನೆ ಅಂತ ದಯವಿಟ್ಟು ಬರೆಯಬೇಡಿ. ಪಕ್ಕದ ಅಂಕವನ್ನೂ ನೋಡಿ.